ತಲೆ ನಮ್ಮದು, ಪೇಟಿ ಅವರದು

ಅರ್ಧ ಕೊಡ ನೀರಿಗಿಂತ ಭಾರವಾದದ್ದನ್ನು ಅಪ್ಪ ಎತ್ತಕೂಡದು ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಸಂಗೀತದ ಮಾತು ಹೋಗಿ ತೂಕದ ಮಾತು ಶುರುವಾಯಿತು. ಕೋಡಿಬಾಗದ ನಮ್ಮ ಮನೆಯಲ್ಲಿ ಅಪ್ಪ ಎತ್ತುತ್ತಿದ್ದ ಭಾರದ ವಸ್ತು ಅಂತ ಇದ್ದದ್ದು ಒಂದೇ, ನನ್ನ ಆಂಪ್ಲಿಫೈಯರ್. ಅಕ್ಕಿ ಮೂಟೆಯನ್ನು ಅಂಗಡಿಯವರೇ ತಂದು ಹಾಕುತ್ತಾರೆ. ಗ್ಯಾಸ್ ಸಿಲಿಂಡರನ್ನು ಆಯಿ, ಅಂದರೆ ನನ್ನ ಅಮ್ಮ, ಯಾರಿಗೂ ಮುಟ್ಟಲು ಬಿಡುವುದಿಲ್ಲ, ತಾನೇ ಉರುಳಿಸಿಕೊಂಡು ಹೋಗುತ್ತಾಳೆ. ಹಾಗಾಗಿ ಡಾಕ್ಟರು ಬೇಡ ಅಂದದ್ದು ನನ್ನ ಆಂಪ್ಲಿಫೈಯರನ್ನೇ ಎಂದು ನಾವು ಮೂವರೂ ಅರ್ಥ ಮಾಡಿಕೊಂಡೆವು. ಅರ್ಥವಾಗದವನ ಹಾಗೆ ಇದ್ದವನು ಅಪ್ಪ ಒಬ್ಬನೇ.

ನಾನು ಬಾರಿಸುವುದು ನಾಲ್ಕು ದಪ್ಪ ತಂತಿಗಳ ಗಿಟಾರು. ಅದನ್ನು ಬೇಸ್ ಎನ್ನಬೇಕು. ನಮ್ಮ ಕಡೆ ಯಾರೂ ಹಾಗೆ ಅನ್ನುವುದಿಲ್ಲ, ಸ್ಪೆಲ್ಲಿಂಗ್ ನೋಡಿದವರೆಲ್ಲ ಬಾಸ್ ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ನನಗೇ ಬಾಯಿ ನೋವು ಬಂದು ನಾನೂ ಬಾಸ್ ಅನ್ನಲು ಶುರು ಮಾಡಿದೆ. ವಾರವಿಡೀ ಕಾರವಾರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ಮದುವೆಯ ತಿಂಗಳುಗಳಲ್ಲಿ, ಕ್ರಿಸ್ಮಸ್ ಹೊತ್ತಿಗೆ, ಮತ್ತೆ ಕೆಲವು ರವಿವಾರಗಳಂದು ದಂಡೆಯ ರಿಸಾರ್ಟುಗಳಲ್ಲಿ ನಮ್ಮ ಬ್ಯಾಂಡಿನ ಜೊತೆ ಬಾರಿಸುತ್ತೇನೆ. ಬ್ಯಾಂಡಿನಲ್ಲಿ ಹಾಡುವವಳು, ಕೀಬೋರ್ಡಿನವ, ಹಣಕೋಣದ ಡ್ರಮ್ಮಿನವ, ಮತ್ತೆ ನಾನು. ಜನ ಹಾಡುವವಳನ್ನು ನೋಡುತ್ತಾರೆ, ಡ್ರಮ್ಮಿನವನನ್ನು ಕೇಳುತ್ತಾರೆ. ನಾನು ಇದ್ದೇನೆ ಎಂಬುದು ನಾನು ನಿಲ್ಲಿಸಿದಾಗ ಮಾತ್ರ ಗೊತ್ತಾಗುತ್ತದೆ.

ಅಪ್ಪ ಬೈತಖೋಲ ಬಂದರಿನ ಒಂದು ಬೋಟಿನಲ್ಲಿ ತಾಂಡೇಲನಾಗಿದ್ದವನು. ಬೋಟು ಎಲ್ಲಿಗೆ ಹೋಗಬೇಕು, ಬಲೆ ಯಾವಾಗ ಬಿಡಬೇಕು ಎಂಬುದೆಲ್ಲ ಅವನ ಬಾಯಿಂದಲೇ ಹೊರಡಬೇಕಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಸಮುದ್ರಕ್ಕೆ ಹೋಗುವುದನ್ನು ಬಿಟ್ಟು ಮನೆಯಲ್ಲಿ ಕೂತ. ಕೂತದ್ದು ಒಂದು ವಾರವೂ ಇಲ್ಲ. ನಾನು ಆಂಪ್ಲಿಫೈಯರನ್ನು ರಿಕ್ಷಾಕ್ಕೆ ಎಳೆದುಕೊಂಡು ಹೋಗುವುದನ್ನು ಕಂಡು, ಹೆಗಲಿಗೆ ಟವೆಲಿನ ಸಿಂಬೆ ಮಾಡಿ, ಐಸು ತುಂಬಿದ ಮೀನಿನ ಕ್ರೇಟನ್ನು ಎತ್ತುವ ಹಾಗೆ ಅದನ್ನು ಎತ್ತಿಟ್ಟುಕೊಂಡ. ಅಂದಿನಿಂದ ಅದು ಅವನ ಕೆಲಸವಾಯಿತು. ಮದುವೆ ಮನೆಯಲ್ಲಿ ಬೇರೆ ಯಾರಾದರೂ ಅದರ ಹಿಡಿಕೆಗೆ ಕೈ ಹಾಕಿದರೆ, "ಬೇಡ ಬೇಡ, ಅದು ನಂದು" ಅನ್ನುತ್ತಿದ್ದ. ಅದರಿಂದ ಹೊರಡುವ ಧ್ವನಿಯ ಬಗ್ಗೆ ಮಾತ್ರ ಅವನಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. "ನೀ ಬಾರಿಸೂದು ಹೊಟ್ಟೆಗೆ ಗೊತ್ತಾಗ್ತದೆ ಮಗಳೆ, ಕಿವಿಗೆ ಗೊತ್ತಾಗೂದಿಲ್ಲ" ಎಂದು ಒಮ್ಮೆ ಹೇಳಿದ್ದ. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಆ ಆಂಪ್ಲಿಫೈಯರ್ ಕಾಂಬೋ. ಅಂದರೆ ಧ್ವನಿ ಹೆಚ್ಚಿಸುವ ಯಂತ್ರ, ಅದನ್ನು ಹೊರಹಾಕುವ ಸ್ಪೀಕರ್, ಎರಡನ್ನೂ ಒಂದೇ ಡಬ್ಬದಲ್ಲಿ ಕೂರಿಸಿ ಮಾಡಿದ್ದು. ನಮ್ಮ ಡ್ರಮ್ಮಿನವ ಅದನ್ನು ಮೀನೂಟದ ಥಾಲಿ ಎಂದು ಕರೆಯುತ್ತಿದ್ದ, ಎಲ್ಲ ಒಂದೇ ತಟ್ಟೆಯಲ್ಲಿ ಬರುತ್ತದಲ್ಲ. ಅನುಕೂಲ ಏನೋ ಇತ್ತು. ಒಂದು ವಯರು ಗೋಡೆಗೆ, ಒಂದು ವಯರು ಗಿಟಾರಿಗೆ, ಮುಗಿಯಿತು. ಏನನ್ನೂ ಮರೆತು ಬರುವ ಹಾಗಿಲ್ಲ. ಆದರೆ ಥಾಲಿಯಿಂದ ಅನ್ನ ಒಂದನ್ನೇ ಬೇರೆ ಮಾಡಿ ಒಯ್ಯಲು ಬರುವುದಿಲ್ಲ. ಎತ್ತಿದರೆ ಇಡೀ ಡಬ್ಬವನ್ನೇ ಎತ್ತಬೇಕು, ಎತ್ತುವವನು ಅಪ್ಪನೇ.

ಸುಂಕಸಾಳದಲ್ಲಿ ಒಂದು ಗೃಹಪ್ರವೇಶ. ಹೊಸ ಮನೆಯವರಿಗೆ ತಾರಸಿಯ ಮೇಲೆಯೇ ಬ್ಯಾಂಡು ಆಗಬೇಕಿತ್ತು, ಮೆಟ್ಟಿಲಿಗೆ ಇನ್ನೂ ಕಟಾಂಜನ ಹಾಕಿರಲಿಲ್ಲ. ಅಪ್ಪ ಡಬ್ಬವನ್ನು ಹೆಗಲ ಮೇಲೆ ಇಟ್ಟುಕೊಂಡು ಹತ್ತಿದ, ಮೇಲೆ ಇಳಿಸಿದ, ಆಮೇಲೆ ಅದರ ಮೇಲೆಯೇ ಕೂತ. ಹಾಗೆ ಕೂರುವ ಮನುಷ್ಯನಲ್ಲ ಅವನು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಗ್ಯಾಸ್ ಆಗ್ಯದೆ, ಒಂದು ಸೋಡಾ ತಕಬಾ" ಅಂದ. ಸೋಡಾ ತಂದೆ. ಅದನ್ನು ಕುಡಿಯಲು ಎತ್ತಿದ ಎಡಗೈ ಅರ್ಧಕ್ಕೇ ನಿಂತುಬಿಟ್ಟಿತು. ಡ್ರಮ್ಮಿನವನ ಗಾಡಿಯಲ್ಲೇ ಅವನನ್ನು ಅಂಕೋಲೆಗೆ ತಂದೆವು, ಅಲ್ಲಿಂದ ಕಾರವಾರಕ್ಕೆ, ಕಾರವಾರದಿಂದ ಗೋವೆಗೆ. ಮುಂಗೈಯಿಂದ ತಂತಿ ತೂರಿಸಿ ಹೃದಯದ ನಾಳದಲ್ಲಿ ಸ್ಟೆಂಟು ಕೂರಿಸಿದರು. ನಮ್ಮ ಜನ ಅದಕ್ಕೆ ಸ್ಪ್ರಿಂಗ್ ಅನ್ನುತ್ತಾರೆ. ಬದುಕಿಕೊಂಡ.

ಬದುಕಿ ಬಂದವನು ಮಾಡಿದ ಮೊದಲ ಕೆಲಸ ಸುಳ್ಳು ಹೇಳಿದ್ದು. ಗೋವೆಗೆ ಹೋದದ್ದು ಕಣ್ಣಿನ ಪೊರೆ ತೆಗೆಸಲು ಎಂದು ಇಡೀ ಬಂದರಿಗೆ ಸಾರಿದ. ಯಾರಿಗೂ ಅನುಮಾನ ಬರಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡು ಓಣಿಯಲ್ಲಿ ತಿರುಗಿದ. ಕನ್ನಡಕದಿಂದಾಗಿ ಹೊಸ್ತಿಲು ಎಡವಿ ಹೆಬ್ಬೆರಳು ಜಜ್ಜಿಕೊಂಡ. ಆಯಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಬಂದರಿನ ಗಂಡಸರ ನಡುವೆ ಭಾರ ಎತ್ತಲಾರೆ ಎಂದು ಬಾಯಿಬಿಟ್ಟು ಹೇಳಿದವನನ್ನು ಆಮೇಲೆ ಯಾವುದಕ್ಕೂ ಕರೆಯುವುದಿಲ್ಲ. ಕಾರ್ಯಕ್ಕೂ ಇಲ್ಲ, ಜಗಳ ಬಿಡಿಸಲಿಕ್ಕೂ ಇಲ್ಲ. ಹಾಗೆಂದು ಅಪ್ಪ ನಂಬಿದ್ದ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಅವನ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಮುಂದಿನ ಕಾರ್ಯಕ್ರಮದ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಹೊರಗೆ ಬಂದರೆ ಅಪ್ಪ ಟವೆಲು ಸುತ್ತಿ ಸಿಂಬೆ ಮಾಡುತ್ತಿದ್ದ. ಆಯಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದು ಆಂಪ್ಲಿಫೈಯರಿನ ಮೇಲೆ ಕೂತುಬಿಟ್ಟಳು.

"ಎತ್ತು ಈಗ. ನನ್ನನ್ನೂ ಸೇರಿಸೇ ಎತ್ತು" ಎಂದು ಅಪ್ಪನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಒಂದಾ ಈ ಡಬ್ಬ ಮನೆಯಿಂದ ಹೊರಗೆ ಹಾಕು, ಇಲ್ಲಾ ನೀ ಬಾರಿಸೂದು ಬಿಡು. ನನ್ಗೆ ಗಂಡ ಬೇಕು."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ನನಗೂ ಅಪ್ಪ ಬೇಕಿತ್ತು. ಬಾರಿಸುವುದೂ ಬೇಕಿತ್ತು. ಕಚೇರಿಯ ಆರು ದಿನಗಳನ್ನು ನಾನು ತಳ್ಳುವುದೇ ಆ ಏಳನೆಯ ದಿನದ ಆಸೆಗೆ. ಅವತ್ತು ಬ್ಯಾಂಡಿನವರಿಗೆ ಹೊಟ್ಟೆನೋವು ಎಂದು ಫೋನ್ ಮಾಡಿ ಹೇಳಿ ಮಲಗಿಕೊಂಡೆ.

ಆಮೇಲೆ ಉಪಾಯಗಳು ಶುರುವಾದವು. ಮೊದಲು ಚಕ್ರದ ಟ್ರಾಲಿ ತಂದೆ. "ಚಕ್ರ ಎಂತಕೆ? ನನ್ಗೆ ಕೈ ಇಲ್ವಾ?" ಎಂದ ಅಪ್ಪ, ಆದರೂ ನನ್ನ ಸಮಾಧಾನಕ್ಕೆ ರಸ್ತೆಯ ಮೇಲೆ ತಳ್ಳಿಕೊಂಡು ಬಂದ. ದಂಡೆಯ ರಿಸಾರ್ಟಿನಲ್ಲಿ ಉಸುಕು ಸಿಕ್ಕಿತು, ಚಕ್ರ ಹೂತುಕೊಂಡಿತು. ನಾನು ಗಿಟಾರು ಇಳಿಸಿ ತಿರುಗುವಷ್ಟರಲ್ಲಿ ಟ್ರಾಲಿಯನ್ನೂ ಸೇರಿಸಿ ಎತ್ತಿ ಹೊರಟಿದ್ದ. ಓಡಿಹೋಗಿ ತಡೆದೆ. ಎಲ್ಲರ ಎದುರಿಗೇ ಕೂಗಾಡಿದೆ. ಅವನು ನನ್ನ ಮುಖವನ್ನೂ ನೋಡಲಿಲ್ಲ, ಟ್ರಾಲಿಯನ್ನು ನಿಧಾನಕ್ಕೆ ಇಳಿಸಿ ಸಮುದ್ರದ ಕಡೆ ನಡೆದುಬಿಟ್ಟ. ಡಬ್ಬವನ್ನು ವೇಟರುಗಳು ಎತ್ತಿ ಇಟ್ಟರು. ಅವತ್ತು ಇಡೀ ಸಂಜೆ ಅಪ್ಪ ದೋಣಿಗಳ ಹತ್ತಿರ ಒಬ್ಬನೇ ಕೂತಿದ್ದ. ಅವನ ಕೈಯಿಂದ ಭಾರ ತೆಗೆದರೆ ಸಾಲದು, ಆ ಕೈಗೆ ಬೇರೆ ಏನಾದರೂ ಕೊಡಬೇಕು ಎಂದು ನನಗೆ ಹೊಳೆದದ್ದು ಆಗಲೇ.

ಮಡಗಾಂವದ ಒಂದು ಅಂಗಡಿಗೆ ಹೋದೆ. ಈಗ ಹಗುರದ ಕಾಂಬೋಗಳು ಬಂದಿವೆ, ಒಂದೇ ಕೈಯಲ್ಲಿ ಎತ್ತಬಹುದು. ಧ್ವನಿಯೂ ಚೆನ್ನಾಗಿತ್ತು, ಮನಸ್ಸು ಅಲ್ಲೇ ಜಾರಿತು. ಆದರೆ ಅಪ್ಪನನ್ನು ನಾನು ಬಲ್ಲೆ. ಅದು ಹಗುರವಾಯಿತು ಅಂದರೆ ಇನ್ನೊಂದು ಹೆಗಲು ಖಾಲಿ ಇದೆ ಎಂದು ಡ್ರಮ್ಮಿನ ಸ್ಟ್ಯಾಂಡುಗಳ ಚೀಲವನ್ನು ಏರಿಸಿಕೊಳ್ಳುವವನು. ಪಕ್ಕದಲ್ಲಿ ಬಿಡಿಬಿಡಿಯಾದದ್ದೂ ಇತ್ತು. ಯಂತ್ರ ಬೇರೆ, ಸ್ಪೀಕರ್ ಬೇರೆ. ಯಂತ್ರಕ್ಕೆ ಹೆಡ್ ಎನ್ನುತ್ತಾರೆ, ಈಗಿನದು ಊಟದ ಡಬ್ಬಿಯಷ್ಟೇ ಇರುತ್ತದೆ, ಭುಜಕ್ಕೆ ಹಾಕಿಕೊಳ್ಳುವ ಸಣ್ಣ ಚೀಲದೊಳಗೆ ಕೂರುತ್ತದೆ. ಭಾರವೆಲ್ಲ ಸ್ಪೀಕರಿನದು. ತೊಂದರೆಗಳು ನನಗೆ ಗೊತ್ತಿದ್ದವು. ಎರಡರ ನಡುವಿನ ವಯರನ್ನು ಮರೆತು ಹೋದರೆ ಬರೀ ಗಿಟಾರು ಹಿಡಿದು ನಿಲ್ಲಬೇಕು. ಸ್ಪೀಕರಿನ ಹಿಂದೆ ಬರೆದ ಓಮಿನ ಅಂಕಿ ಯಂತ್ರಕ್ಕೆ ಹೊಂದದಿದ್ದರೆ ಸುಟ್ಟ ವಾಸನೆ ಬರುತ್ತದೆ. ಕಾಂಬೋದಲ್ಲಿ ಇಂಥ ತಲೆನೋವು ಇಲ್ಲ. ಅದು ಒಬ್ಬಂಟಿಗರ ಸಾಮಾನು, ಯಾರನ್ನೂ ಏನೂ ಕೇಳಬೇಕಿಲ್ಲ. ಬಿಡಿ ಸಾಮಾನಿನವರು ಹೋದಲ್ಲೆಲ್ಲ ಯಾರನ್ನಾದರೂ ಕೇಳಲೇಬೇಕು.

ಅಂಗಡಿಯಿಂದಲೇ ಡ್ರಮ್ಮಿನವನಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಪೇಟಿ ನನ್ನ ಗಾಡಿಲೇ ಬಿದ್ಕಂಡಿರ್ಲಿ ಮಾರಾಯ್ತಿ. ನಿನ್ನ ಅಪ್ಪಂಗೆ ಅದು ಕಾಣೂದೇ ಬೇಡ. ಕಂಡ್ರೆ ಅಲ್ಲವಾ ಎತ್ತೂದು?" ಸ್ಪೀಕರ್ ಡಬ್ಬಕ್ಕೆ ಅವನು ಪೇಟಿ ಎಂದದ್ದು ನನಗೂ ಹಿಡಿಸಿತು. ಹಳೆಯ ಕಾಂಬೋವನ್ನು ಅದೇ ಅಂಗಡಿಗೆ ಕೊಟ್ಟು ಹೆಡ್ ಮತ್ತು ಪೇಟಿ ತಂದೆವು. ಪೇಟಿ ಹಣಕೋಣಕ್ಕೆ ಹೋಯಿತು, ಹೆಡ್ ಮನೆಗೆ ಬಂತು.

ಮನೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು, ಸಾಧ್ಯವಾದಷ್ಟು ಗಂಭೀರವಾಗಿ ಹೇಳಿದೆ. ಇದು ಹೆಡ್. ಇದರ ಒಳಗೇ ಎಲ್ಲ ಇರುವುದು. ಬಿದ್ದರೆ ಹೋಯಿತು, ನೀರು ತಾಗಿದರೆ ಹೋಯಿತು. ಪೇಟಿ ಬಿಡು, ಅದು ಬರೀ ಹಲಗೆ, ಯಾರು ಎತ್ತಿದರೂ ಆದೀತು. ಇದನ್ನು ಮಾತ್ರ ಕಂಡಕಂಡವರ ಕೈಗೆ ಕೊಡುವ ಹಾಗಿಲ್ಲ.

ಅಪ್ಪ ಚೀಲವನ್ನು ಎತ್ತಿ ತೂಗಿ ನೋಡಿದ. ಇಷ್ಟು ಹಗುರವೇ ಎಂದು ಬದಿಗಿಟ್ಟರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಪಟ್ಟಿಯನ್ನು ತನ್ನ ಅಳತೆಗೆ ಬಿಗಿ ಮಾಡಿಕೊಂಡ.

"ತಲೆ ನಾ ಹಿಡ್ಕಂತೆ" ಅಂದ.

"ಹಿಡ್ಕ. ಈ ಮನೇಲಿ ಯಾರ ಹತ್ರಾದ್ರೂ ಒಂದು ತಲೆ ಇರ್ಲಿ" ಎಂದಳು ಆಯಿ, ಒಳಗಿನಿಂದ.

ಅಂಕೋಲೆಯ ಮದುವೆ ಆರತಕ್ಷತೆ ಬಂದದ್ದು ಇದಾಗಿ ಸ್ವಲ್ಪ ದಿನಕ್ಕೆ. ಸರಿಯಾಗಿ ಅದೇ ವಾರ ಡ್ರಮ್ಮಿನವನ ಗಾಡಿ ಗ್ಯಾರೇಜು ಸೇರಿತು. ಡ್ರಮ್ಮುಗಳನ್ನು ಅವನು ಅಂಕೋಲೆಯ ಗೆಳೆಯನಿಂದಲೇ ಹೊಂದಿಸಿಕೊಂಡ. ನನ್ನ ಪೇಟಿ ಹಣಕೋಣದಲ್ಲೇ ಉಳಿಯಿತು. ಅದನ್ನು ಬಾಡಿಗೆ ಗಾಡಿಯಲ್ಲಿ ತರಿಸಿದರೆ ಇಳಿಸುವಾಗ ಅಪ್ಪನ ಕಣ್ಣಿಗೆ ಬೀಳುತ್ತದೆ ಎಂಬ ಹೆದರಿಕೆಯಿಂದ, ಕಾರ್ಯಕ್ರಮ ಗೊತ್ತು ಮಾಡಿದ್ದ ಮದುಮಗಳ ಸೋದರಮಾವನಿಗೇ ಫೋನ್ ಹಚ್ಚಿದೆ.

"ಬಾಸಿಗೆ ಒಂದು ಪೇಟಿ ಬೇಕಿತ್ತು. ಅಲ್ಲೇ ಎಲ್ಲಾದರೂ ಸಿಗಬಹುದಾ?"

"ಅಷ್ಟೇ ಅಲ್ದಾ? ನಮ್ಮ ಓಣಿಲೇ ಅದೆ. ಹಳೇದು, ಆದ್ರೆ ಧ್ವನಿ ಅಂದ್ರೆ ಧ್ವನಿ. ಬಾಸು ಕೂತು ಬಾರಿಸ್ತ್ರಾ, ನಿಂತ್ಕಂಡಾ?"

ವಿಚಿತ್ರ ಪ್ರಶ್ನೆ ಅನಿಸಿತು, ಆದರೂ ಹೇಗಾದರೂ ಆಗುತ್ತದೆ ಎಂದೆ. "ಬಾಸಿಗೆ ಏನೂ ಚಿಂತೆ ಮಾಡೂದು ಬೇಡ ಹೇಳಿ" ಎಂದು ಮಾವ ಫೋನಿಟ್ಟ. ಇಷ್ಟು ಒಳ್ಳೆಯ ಜನರೂ ಇರುತ್ತಾರಲ್ಲ ಎಂದು ನಾನು ಕಾಲು ಚಾಚಿ ಕೂತೆ.

ಬಸ್ಸಿನಲ್ಲಿ ಹೋದೆವು, ಅಪ್ಪ ಮತ್ತು ನಾನು. ಅಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದ. ಬಿಣಗಾದಲ್ಲಿ ಹತ್ತಿದ ಜನ ಮೈಮೇಲೆ ಬಿದ್ದಾಗ ಕಂಡಕ್ಟರು ಅದನ್ನು ಮೇಲಿಡಿ ಎಂದ. ಅಪ್ಪ ಒಪ್ಪಲಿಲ್ಲ. ಏನಿದೆ ಅದರಲ್ಲಿ ಎಂದು ಕಂಡಕ್ಟರು ಕೇಳಿದ. "ತಲೆ" ಎಂದ ಅಪ್ಪ. ಕಂಡಕ್ಟರು ಚೀಲವನ್ನೂ ಅಪ್ಪನನ್ನೂ ಇನ್ನೊಮ್ಮೆ ನೋಡಿ, ಮುಂದಿನ ಸೀಟಿನವರಿಗೆ ಟಿಕೇಟು ಕೊಡಲು ಹೋದ. ಅವರ್ಸಾ ದಾಟುವವರೆಗೂ ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಮದುವೆ ಹಾಲಿನ ಬಾಗಿಲಲ್ಲಿ ಮಾವ ಜರಿ ಪಂಚೆ ಉಟ್ಟು ನಿಂತಿದ್ದ. ಒಳ್ಳೆಯ ಮೈಕಟ್ಟಿನ, ಅಪ್ಪನದೇ ವಯಸ್ಸಿನ ಮನುಷ್ಯ. ನನ್ನನ್ನು ದಾಟಿ ಸೀದಾ ಅಪ್ಪನ ಹತ್ತಿರ ಬಂದು ಕೈ ಮುಗಿದ. "ಬನ್ನಿ ಬಾಸ್. ಎಲ್ಲ ತಯಾರಿ ಮಾಡಿಟ್ಟಿದ್ದೆ" ಎಂದು ವೇದಿಕೆಗೆ ಕರೆದುಕೊಂಡು ಹೋದ. ವೇದಿಕೆಯ ನಟ್ಟನಡುವೆ ಜಮಖಾನೆ ಹಾಸಿತ್ತು. ಅದರ ಮೇಲೆ ಮೆತ್ತನೆಯ ದಿಂಬು. ದಿಂಬಿನ ಮುಂದೆ, ಒರೆಸಿ ಫಳಫಳ ಮಾಡಿ, ಸಣ್ಣದೊಂದು ಅಬ್ಬಲಿಗೆ ಮಾಲೆ ಹಾಕಿಟ್ಟ ಹಾರ್ಮೋನಿಯಂ.

ನಮ್ಮ ಕಡೆ ಪೇಟಿ ಎಂದರೆ ಹಾರ್ಮೋನಿಯಂ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಭಜನೆಗೆ ಪೇಟಿ, ನಾಟಕಕ್ಕೆ ಪೇಟಿ. ಡ್ರಮ್ಮಿನವನ ಜೊತೆ ಮಾತಾಡಿ ಮಾತಾಡಿ ನನ್ನ ಕಿವಿ ಎಷ್ಟು ಕೆಟ್ಟಿತ್ತೆಂದರೆ, ಅದು ಹೊಳೆಯಲೇ ಇಲ್ಲ. ಪಾಪ, ಮಾವ ಕೇಳಿಸಿಕೊಂಡದ್ದು ಬ್ಯಾಂಡಿನ ಯಜಮಾನರಿಗೆ ಒಂದು ಹಾರ್ಮೋನಿಯಂ ಬೇಕು ಎಂದು. ಓಣಿಯ ಭಜನೆಯವರನ್ನು ಕಾಡಿ ಬೇಡಿ ತಂದಿದ್ದ. ಡ್ರಮ್ಮುಗಳ ಹಿಂದೆ ಕೂತಿದ್ದ ನಮ್ಮ ಹಣಕೋಣದವ ತಲೆ ಮೇಲೆತ್ತಲೇ ಇಲ್ಲ, ಅವನ ಭುಜ ಮಾತ್ರ ಕುಲುಕುತ್ತಿತ್ತು.

ಅಪ್ಪ ಹಾರ್ಮೋನಿಯಂ ನೋಡಿದ, ದಿಂಬು ನೋಡಿದ. "ನಾ ಬಾಸಲ್ಲ," ಎಂದ ಮೆಲ್ಲಗೆ. "ಬಾಸು ಇವಳು. ನಾ ಇವಳ ಅಪ್ಪ."

ಮಾವನ ಮುಖ ಸಣ್ಣದಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ಹಾಯುವುದೆಂದು ಗೊತ್ತಾಗಲಿಲ್ಲ. ಮದುವೆ ಹಾಲಿನವರದ್ದು ಭಾಷಣಕ್ಕೆ ಸಾಕಾಗುವ ಮೈಕು, ಗೋಡೆಗೆ ಮೊಳೆ ಹೊಡೆದು ಕೂರಿಸಿದ ಎರಡು ಸಣ್ಣ ಸ್ಪೀಕರುಗಳು. ಅದಕ್ಕೆ ನನ್ನ ಗಿಟಾರು ಸಿಕ್ಕಿಸಿದರೆ ಎರಡೂ ಹರಿದುಹೋಗುತ್ತವೆ. ನನಗೆ ಬೇಕಾದದ್ದು ಸ್ಪೀಕರಿನ ಡಬ್ಬ ಎಂದು ಕೈ ಅಗಲಿಸಿ ತೋರಿಸಿ ಹೇಳಿದೆ. ಮಾವ ಒಂದು ಕ್ಷಣ ಯೋಚಿಸಿ, "ಹಾಂಗಿಂದು ಒಂದು ಉಗ್ರಾಣದಲ್ಲಿ ಅದೆ ಅಲ್ದಾ!" ಎಂದು ಹೊರಟೇಬಿಟ್ಟ. ಹಿಂದಿನಿಂದ ನಾನು, ನನ್ನ ಹಿಂದೆ ಅಪ್ಪ.

ಉಗ್ರಾಣದಲ್ಲಿ ಹಂಡೆಗಳು, ಚಾಪೆಯ ಸುರುಳಿಗಳು, ಮುರಿದ ಕುರ್ಚಿಗಳು. ಮೂಲೆಯಲ್ಲಿ ಗೋಣಿ ಹೊದ್ದುಕೊಂಡು ನಿಂತಿತ್ತು, ನನ್ನ ಹಳೆಯ ಕಾಂಬೋದ ಎರಡರಷ್ಟು ಇರಬಹುದಾದ ಹಳೇ ಸ್ಪೀಕರ್. ನಾನು ಹಿಂಬದಿಗೆ ತೂರಿ, ಮೊಬೈಲಿನ ಬೆಳಕಿನಲ್ಲಿ ಧೂಳು ಒರೆಸಿ ಓಮಿನ ಅಂಕಿ ಓದಿದೆ. ನನ್ನ ಹೆಡ್ಡಿಗೆ ಒಗ್ಗುವಂಥದ್ದೇ. ನಮ್ಮ ವಯರು ಹೋಗುವ ತೂತೂ ಇತ್ತು. ಆಗುತ್ತದೆ ಎಂದು ಕೂಗಿದೆ.

ಮಾವ ಪಂಚೆ ಎತ್ತಿ ಕಟ್ಟಿ ಈಚೆಯ ಹಿಡಿಕೆಗೆ ಕೈ ಹಾಕಿದ. ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ಕರೆದ. "ಬಾಸಿನ ಅಪ್ಪಾ, ಆ ಬದಿ ಒಂಚೂರು ಹಿಡೀತ್ರಾ?"

ನಾನು ಗೋಡೆಗೂ ಡಬ್ಬಕ್ಕೂ ನಡುವೆ ಸಿಕ್ಕಿಕೊಂಡಿದ್ದೆ. ಅವನಿಗೆ ಆಗುವುದಿಲ್ಲ ಎಂದು ಹೊಸ ಮನುಷ್ಯನೆದುರು ನಾನೇ ಹೇಳಿದರೆ ಅಪ್ಪ ಉಸುಕಿನ ಮೇಲೆ ನಡೆದುಹೋದ ಹಾಗೆ ನಡೆದುಹೋಗುತ್ತಾನೆ. ಹೇಳದಿದ್ದರೆ ಎತ್ತುತ್ತಾನೆ.

"ನನ್ನ ಹತ್ರ ತಲೆ ಅದೆ" ಎಂದ ಅಪ್ಪ, ಚೀಲ ತಟ್ಟಿ.

ಪಾರಾದೆವು ಅಂದುಕೊಂಡೆ. ಆದರೆ ಮಾವ ಬಿಡಬೇಕಲ್ಲ. "ಆ ಕುರ್ಚಿ ಮೇಲೆ ಇಡಿ, ಯಾರೂ ಮುಟ್ಟೂದಿಲ್ಲ" ಎಂದ.

ಅಪ್ಪ ಭುಜದಿಂದ ಚೀಲ ಇಳಿಸಿದ. ಕುರ್ಚಿ ಅಲುಗಾಡುತ್ತದೆಯೇ ಎಂದು ಒತ್ತಿ ನೋಡಿ, ಅದರ ಮೇಲೆ ಇಟ್ಟ. ಎರಡೂ ಕೈ ಖಾಲಿಯಾದವು. ಡಬ್ಬದ ಹತ್ತಿರ ಬಂದು ಬಗ್ಗಿದ, ಹಿಡಿಕೆಯೊಳಗೆ ಬೆರಳು ತೂರಿಸಿದ. ನಾನು "ಅಪ್ಪಾ" ಎಂದೆನೋ ಇಲ್ಲವೋ ಈಗಲೂ ನೆನಪಿಲ್ಲ. ಬೆರಳುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಆಮೇಲೆ ಅವನು ಅವನ್ನು ಹೊರಗೆ ತೆಗೆದು ನೆಟ್ಟಗೆ ನಿಂತ.

"ನನ್ಗೆ ಭಾರ ಎತ್ತೂಕೆ ಆಗೂದಿಲ್ಲ," ಎಂದ. "ಹಾರ್ಟಿಗೆ ಸ್ಪ್ರಿಂಗ್ ಹಾಕೀರು."

ಮಾವ ಹಿಡಿಕೆ ಬಿಟ್ಟ. "ಹೌದಾ? ಎಷ್ಟು?"

"ಎರಡು."

"ನಂದು ಒಂದು" ಎಂದ ಮಾವ.

ಇಬ್ಬರೂ ಡಬ್ಬವನ್ನು ನೋಡುತ್ತ ನಿಂತರು. ಮಾವನಿಗೂ ಡಾಕ್ಟರು ಬೇಡವೆಂದೇ ಹೇಳಿದ್ದರಂತೆ. ಮನೆತುಂಬ ನೆಂಟರು, ಮದುವೆ ಕೆಲಸ ತನ್ನ ತಲೆಯ ಮೇಲೆ, ಆಗುವುದಿಲ್ಲ ಎಂದು ಯಾರ ಹತ್ತಿರ ಹೇಳುವುದು ಎಂದು ಬೆಳಗಿನಿಂದ ಬೆಂಚು, ಹಂಡೆ, ತೆಂಗಿನಕಾಯಿ ಮೂಟೆ ಎಲ್ಲ ಎತ್ತಿದ್ದಾನೆ. "ನೀವು ಹೇಳಿದ್ದು ಒಳ್ಳೇದಾಯ್ತು ಮಾರಾಯ್ರೆ. ಇಲ್ಲಾಂದ್ರೆ ಇದನ್ನೂ ಎತ್ತೇ ಬಿಡ್ತಿದ್ದೆ" ಎಂದು ಹಣೆ ಒರೆಸಿಕೊಂಡ. ಅಪ್ಪ ಆ ಮನುಷ್ಯನ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸಿ, ತನ್ನ ತಾಂಡೇಲನ ಧ್ವನಿ ತೆಗೆದು ಅಡುಗೆಯವರನ್ನು ಕೂಗಿದ. ಆ ಧ್ವನಿ ಕೇಳಿ ಎಷ್ಟು ದಿನವಾಗಿತ್ತು! ಬೋಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುವ ಕೂಗು ಅದು. ಇಬ್ಬರು ಗಟ್ಟಿ ಆಳುಗಳು ಕೈ ಒರೆಸಿಕೊಳ್ಳುತ್ತ ಬಂದು, ಅಪ್ಪ ತೋರಿಸಿದ ದಾರಿಯಲ್ಲಿ, ಅಪ್ಪ ಹೇಳಿದ ಕಡೆ ತಿರುಗಿಸಿ, ಸ್ಪೀಕರನ್ನು ಹೊತ್ತುಕೊಂಡು ಹೋದರು.

ಅವರು ಹೋದ ಮೇಲೆ ನಾನು ಚಾಪೆಯ ಸುರುಳಿಯೊಂದರ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಸುಂಕಸಾಳದ ಆ ತಾರಸಿಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದು ಬಿಚ್ಚಿಕೊಂಡದ್ದಕ್ಕೆ. ಅಳು ಮುಗಿದ ಮೇಲೆ ಎಷ್ಟು ಹಸಿವಾಯಿತೆಂದರೆ, ಅಡುಗೆಮನೆಗೆ ನುಗ್ಗಿ ಎರಡು ಬಿಸಿ ಅಂಬೊಡೆ ತಿಂದೇ ವೇದಿಕೆಗೆ ಹೋದೆ.

ಹಳೇ ಸ್ಪೀಕರು ಚೆನ್ನಾಗಿ ಏನೂ ಇರಲಿಲ್ಲ. ಅದರ ಹಲಗೆಯೊಂದು ಸಡಿಲವಾಗಿ ಕೆಳಗಿನ ಸ್ವರಕ್ಕೆಲ್ಲ ಗರಗರ ಎನ್ನುತ್ತಿತ್ತು. ಡ್ರಮ್ಮಿನವ ಕರವಸ್ತ್ರ ಮಡಚಿ ಸಂದಿಗೆ ತುರುಕಿದ. ಅಪ್ಪ ತಾನೇ ಹೆಡ್ ತಂದು ಅದರ ಮೇಲೆ ಇಟ್ಟ, ನಾನು ವಯರು ಸಿಕ್ಕಿಸಿದೆ. ಮಾವ ಬೇಜಾರು ಮಾಡಿಕೊಳ್ಳಬಾರದೆಂದು ನಮ್ಮ ಕೀಬೋರ್ಡಿನವ ಮೊದಲ ಹಾಡಿಗೆ ಆ ಹಾರ್ಮೋನಿಯಂ ಮುಂದೆಯೇ ಕೂತು ಬಾರಿಸಿದ, ಜನ ಅದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿದರು.

ಯಾವ ಕಾರ್ಯಕ್ರಮದಲ್ಲೂ ಅಪ್ಪ ಡಬ್ಬದ ಹತ್ತಿರವೇ, ವೇದಿಕೆಯ ಹಿಂದೆ ಇರುತ್ತಿದ್ದವನು. ಅವತ್ತು ಮಾವ ಅವನನ್ನು ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ನಾವು ಬಾರಿಸುತ್ತಿದ್ದ ಹೊತ್ತು ಪೂರ್ತಿ ಇಬ್ಬರೂ ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಮಾತಾಡುತ್ತಿದ್ದರು. ಯಾವ ಗುಳಿಗೆ, ಊಟದ ಮೊದಲೋ ಆಮೇಲೋ, ಉಪ್ಪು ಬಿಟ್ಟ ಮೀನುಸಾರನ್ನು ಮನುಷ್ಯ ಹೇಗೆ ತಿನ್ನುವುದು, ಇಂಥದ್ದೇ ಇರಬೇಕು. ಅಪ್ಪ ಕೈ ಬೀಸಿ ಬೀಸಿ ಹೇಳುತ್ತಿದ್ದ. ಮೂರನೆಯ ಹಾಡಿನ ನಡುವೆ ಅವನು ತನ್ನ ಬಲಗೈ ತೋಳಿನ ಗುಂಡಿ ಬಿಚ್ಚಿ, ಮೇಲಕ್ಕೆ ಮಡಚಿ, ತಂತಿ ತೂರಿಸಿದ್ದ ಮುಂಗೈಯನ್ನು ದೀಪದ ಕಡೆ ತಿರುಗಿಸಿ ಹಿಡಿದ. ಮಾವನೂ ಜರಿ ಶಲ್ಯ ಸರಿಸಿ ತನ್ನ ಮುಂಗೈಯನ್ನು ಅದರ ಪಕ್ಕಕ್ಕೆ ತಂದ. ಇಬ್ಬರೂ ಬಗ್ಗಿ ನೋಡತೊಡಗಿದರು, ಸುತ್ತ ಕೂತವರೂ ಬಗ್ಗಿದರು.

ನಾನು ಸ್ವರ ತಪ್ಪಿದೆ. ಇಡೀ ಒಂದು ಸುತ್ತು ತಪ್ಪಾಗಿಯೇ ಬಾರಿಸಿದೆ. ಡ್ರಮ್ಮಿನವ ಮಾತ್ರ ನನ್ನ ಕಡೆ ನೋಡಿದ, ಆಮೇಲೆ ನಾನು ನೋಡುತ್ತಿದ್ದ ಕಡೆಗೆ ನೋಡಿ ತಾಳ ಮುಂದುವರಿಸಿದ.